ಒಂದು ಕಣಜ, ಮೂರು ತೋಟ: ಮ್ಯಾಕ್‌ನಲ್ಲಿ ಮಾಡ್‌ಗಳ ಓರಣ

ನನ್ನ ಅಕ್ಕನ ಮಗಳು ಸ್ಟಾರ್‌ಡ್ಯೂ ವ್ಯಾಲಿ ಆಡುತ್ತಾಳೆ. ಅದರಲ್ಲಿ ಮೂರು ತೋಟ ಮಾಡಿಕೊಂಡಿದ್ದಾಳೆ. ಒಂದು ಅವಳೊಬ್ಬಳದೇ, ಇನ್ನೊಂದು ಇಬ್ಬರು ಗೆಳತಿಯರ ಜೊತೆ ಆನ್‌ಲೈನ್‌ನಲ್ಲಿ ಆಡುವುದು, ಮೂರನೆಯದು ಹೊಸ ಮಾಡ್ ಸಿಕ್ಕಾಗಲೆಲ್ಲ ಹಾಕಿ ನೋಡುವುದಕ್ಕೆ. ಬೇಸಿಗೆ ರಜೆಯಲ್ಲಿ ಅವಳ ಮ್ಯಾಕ್‌ಬುಕ್ ತೆರೆದು ನೋಡಿದರೆ ಆಟದ ಫೋಲ್ಡರಿನೊಳಗೆ ‘ಮಾಡ್ಸ್’, ‘ಮಾಡ್ಸ್ ಹಳೇದು’, ‘ಮಾಡ್ಸ್ ಗೆಳತಿಯರು’, ‘ಮಾಡ್ಸ್ ಇದೇ ಸರಿ’ ಎಂದು ನಾಲ್ಕು ಫೋಲ್ಡರ್. ತೋಟ ಬದಲಿಸಬೇಕಾದಾಗಲೆಲ್ಲ ಒಂದರ ಹೆಸರು ಕಿತ್ತು ಇನ್ನೊಂದಕ್ಕೆ ಇಡುತ್ತಿದ್ದಳು. ಒಂದೇ ಮಾಡ್ ನಾಲ್ಕೂ ಕಡೆ ಇತ್ತು, ನಾಲ್ಕೂ ಬೇರೆ ಬೇರೆ ಆವೃತ್ತಿ. ಗೆಳತಿಯರ ಜೊತೆ ಆಡಲು ಕೂತ ದಿನ ಯಾವುದು ಯಾವುದೆಂದು ಹುಡುಕುವುದರಲ್ಲೇ ಅರ್ಧ ಸಂಜೆ ಕಳೆದುಹೋಗುತ್ತಿತ್ತು. “ಮಾಮ, ಇದನ್ನ ಒಂದ್ಸಲ ಸರಿ ಮಾಡಿಕೊಡು” ಅಂದಳು.

ಅವಳ ತೊಂದರೆ ಅವಳೊಬ್ಬಳದಲ್ಲ. ಮಾಡ್ ಎಂದರೆ ಆಟವನ್ನು ಪ್ರೀತಿಸುವವರು ಆಟಕ್ಕೆ ಮಾಡಿ ಸೇರಿಸಿದ ತುಣುಕು. ಹೊಸ ಬೆಳೆ, ಹೊಸ ಊರು, ಹೊಸ ಮಾತು, ಕೆಲವೊಮ್ಮೆ ಆಟದವರೇ ಬಿಟ್ಟ ತಪ್ಪಿನ ತಿದ್ದುಪಡಿ. ಇವು ಹತ್ತಿಪ್ಪತ್ತು ದಾಟಿದ ಮೇಲೆ ಆಡುವುದಕ್ಕಿಂತ ಓರಣ ಮಾಡುವುದೇ ದೊಡ್ಡ ಕೆಲಸ. ವಿಂಡೋಸ್‌ನಲ್ಲಿ ಆಡುವವರಿಗೆ ಇದಕ್ಕೆಂದೇ ವಾರ್ಟೆಕ್ಸ್, ಮಾಡ್ ಆರ್ಗನೈಸರ್ ಇವೆ. ಮೊದಲನೆಯದು ಹಾರ್ಡ್ ಲಿಂಕ್‌ಗಳನ್ನು ಹಾಕಿ ಮಾಡ್‌ಗಳನ್ನು ಆಟದ ಫೋಲ್ಡರಿನಲ್ಲಿ ಇದ್ದಂತೆ ತೋರಿಸುತ್ತದೆ. ಎರಡನೆಯದು ಆಟ ಓಡುತ್ತಿರುವಷ್ಟು ಹೊತ್ತು ಮಾತ್ರ ಅದರ ಕಣ್ಣಿಗೆ ಬೇರೆಯದೇ ಫೋಲ್ಡರ್ ಕಾಣುವಂತೆ ಮಾಡುತ್ತದೆ. ಮ್ಯಾಕ್‌ನವರ ಪಾಲಿಗೆ ಉಳಿಯುವುದು ಬಹುಮಟ್ಟಿಗೆ ಫೈಂಡರ್ ಮತ್ತು ಟರ್ಮಿನಲ್. ಆದರೆ ಮ್ಯಾಕ್‌ನ ಅಡಿಪಾಯದಲ್ಲಿ ಯುನಿಕ್ಸ್ ಇದೆ, ಯುನಿಕ್ಸ್‌ನಲ್ಲಿ ಸಿಂಬಾಲಿಕ್ ಲಿಂಕ್ ಇದೆ. ಈ ಒಂದು ಸಲಕರಣೆಯಿಂದ ಎಷ್ಟು ದೂರ ಹೋಗಬಹುದು, ಎಲ್ಲಿ ನಿಲ್ಲಬೇಕು ಎಂಬುದೇ ಈ ಲೇಖನದ ವಿಷಯ.

ಮೊದಲು ಆಟಗಳು ಮಾಡ್ ಹುಡುಕುವ ಜಾಗ. ಸ್ಟೀಮ್ ಮೂಲಕ ಕೊಂಡ ಸ್ಟಾರ್‌ಡ್ಯೂ ವ್ಯಾಲಿಯ ಮಾಡ್ಸ್ ಫೋಲ್ಡರಿಗೆ ಹೋಗಬೇಕಾದರೆ ಬಳಕೆದಾರರ ಲೈಬ್ರರಿ, ಅಪ್ಲಿಕೇಶನ್ ಸಪೋರ್ಟ್, ಸ್ಟೀಮ್, ಸ್ಟೀಮ್‌ಆಪ್ಸ್, ಕಾಮನ್, ಸ್ಟಾರ್‌ಡ್ಯೂ ವ್ಯಾಲಿ, ಕಂಟೆಂಟ್ಸ್, ಮ್ಯಾಕ್‌ಓಎಸ್ ಎಂಬ ಎಂಟು ಬಾಗಿಲು ದಾಟಬೇಕು, ಒಂಬತ್ತನೆಯದು ಮಾಡ್ಸ್. ಮೊದಲ ಬಾಗಿಲಾದ ಲೈಬ್ರರಿಯನ್ನು 2011ರ ಲಯನ್ ಆವೃತ್ತಿಯಿಂದೀಚೆಗೆ ಆಪಲ್ ಕಣ್ಣಿಗೆ ಬೀಳದಂತೆ ಮರೆಮಾಡಿದೆ. ಫೈಂಡರ್‌ನ ಗೋ ಮೆನು ತೆರೆದು ಆಪ್ಷನ್ ಕೀಲಿ ಒತ್ತಿ ಹಿಡಿದರಷ್ಟೇ ಆ ಹೆಸರು ಕಾಣುತ್ತದೆ. ಮೈನ್‌ಕ್ರಾಫ್ಟ್, ಫ್ಯಾಕ್ಟೋರಿಯೊ ಎರಡೂ ಅಪ್ಲಿಕೇಶನ್ ಸಪೋರ್ಟ್‌ನೊಳಗೇ ಮನೆ ಮಾಡಿವೆ. ಸಿಮ್ಸ್ 4 ಮತ್ತು ಬಾಲ್ಡರ್ಸ್ ಗೇಟ್ 3 ಡಾಕ್ಯುಮೆಂಟ್ಸ್ ಫೋಲ್ಡರಿನಲ್ಲಿ. ರಿಮ್‌ವರ್ಲ್ಡ್ ಇನ್ನೂ ವಿಚಿತ್ರ: ಅದರ ಮಾಡ್ಸ್ ಫೋಲ್ಡರ್ ಆಟದ ಆಪ್‌ನ ಹೊಟ್ಟೆಯೊಳಗೇ ಇದೆ. ಆಪ್ ಅಳಿಸಿ ಮತ್ತೆ ಹಾಕಿದರೆ ಕೈಯಾರೆ ಸೇರಿಸಿದ ಮಾಡ್‌ಗಳೂ ಅದರ ಜೊತೆಗೇ ಹೋಗುತ್ತವೆ.

ಜಾಗ ಎಲ್ಲೇ ಇರಲಿ, ಬಹುತೇಕ ಆಟಗಳ ರೀತಿ ಒಂದೇ: ತನಗೆ ಗೊತ್ತಿರುವ ಒಂದೇ ವಿಳಾಸಕ್ಕೆ ಹೋಗಿ, ಅಲ್ಲಿ ಸಿಕ್ಕಿದ್ದನ್ನೆಲ್ಲ ಓದುತ್ತದೆ. ಆಡುವವರ ಅಗತ್ಯ ಅದಕ್ಕೆ ತದ್ವಿರುದ್ಧ. ಅವರಿಗೆ ಮಾಡ್‌ಗಳು ಒಂದು ಕಡೆ ಭದ್ರವಾಗಿರಬೇಕು, ಈ ಹೊತ್ತಿಗೆ ಬೇಕಾದವು ಮಾತ್ರ ಆಟಕ್ಕೆ ಕಾಣಬೇಕು. ವಸ್ತು ಇರುವ ಜಾಗ ಮತ್ತು ವಸ್ತು ಕಾಣುವ ಜಾಗ ಇವೆರಡನ್ನೂ ಬಿಡಿಸಿಡುವುದೇ ಓರಣದ ಗುಟ್ಟು ಎಂದು ನಾನು ತಿಳಿದಿದ್ದೇನೆ. ಲಿಂಕ್ ಮಾಡುವುದು ಅದೊಂದನ್ನೇ.

ಸಿಂಬಾಲಿಕ್ ಲಿಂಕ್ ಬರ್ಕ್ಲಿಯ ಯುನಿಕ್ಸ್‌ನಲ್ಲಿ, 1983ರ 4.2 ಬಿಎಸ್‌ಡಿಯೊಂದಿಗೆ ಬಳಕೆಗೆ ಬಂತು. ಅದರೊಳಗೆ ಇರುವುದು ಒಂದು ವಿಳಾಸ, ಅಷ್ಟೆ. ಮನೆ ಬದಲಿಸಿದವರು ಹಳೆಯ ಬಾಗಿಲಿಗೆ ಅಂಟಿಸಿ ಹೋಗುವ ಚೀಟಿಯಂತೆ. ವಿಳಾಸದಲ್ಲಿ ಅರವತ್ತು ಇಂಗ್ಲಿಷ್ ಅಕ್ಷರಗಳಿದ್ದರೆ ಲಿಂಕ್‌ನ ಗಾತ್ರ ಅರವತ್ತು ಬೈಟ್. ಅದು ತೋರಿಸುವ ಫೋಲ್ಡರ್ ನಲವತ್ತು ಗಿಗಾಬೈಟ್ ಇದ್ದರೂ ಅಷ್ಟೇ. ಆಟ ಆ ಹೆಸರನ್ನು ತೆರೆದಾಗ ಚೀಟಿ ಓದಿ ಆಚೆಯ ಫೋಲ್ಡರಿಗೆ ಕರೆದೊಯ್ಯುವುದು ಕಂಪ್ಯೂಟರಿನ ಕಾರ್ಯವ್ಯವಸ್ಥೆಯೇ. ಹಾಗಾಗಿ ತಾನು ಬೇರೆ ಮನೆಗೆ ಬಂದೆನೆಂದು ಆಟಕ್ಕೆ ಸಾಮಾನ್ಯವಾಗಿ ತಿಳಿಯುವುದೇ ಇಲ್ಲ. ಮ್ಯಾಕ್ ತನ್ನ ಮನೆಯನ್ನೂ ಹೀಗೇ ನಡೆಸಿಕೊಂಡು ಬಂದಿದೆ. ಡಿಸ್ಕಿನ ಬುಡದಲ್ಲಿರುವ ಟಿಎಂಪಿ ಎಂಬ ತಾತ್ಕಾಲಿಕ ಕಡತಗಳ ಫೋಲ್ಡರ್ ನಿಜಕ್ಕೂ ಒಂದು ಲಿಂಕ್. ಅದು ಪ್ರೈವೇಟ್ ಎಂಬ ಫೋಲ್ಡರಿನೊಳಕ್ಕೆ ಬೆರಳು ತೋರಿಸುತ್ತದೆ. ನನಗೆ ಅದಕ್ಕಿಂತ ಇಷ್ಟವಾಗುವ ಉದಾಹರಣೆ ಆಪ್‌ಗಳೊಳಗಿನ ಫ್ರೇಮ್‌ವರ್ಕ್‌ಗಳದು. ಅವುಗಳಲ್ಲಿ ವರ್ಷನ್ಸ್ ಎಂಬ ಫೋಲ್ಡರ್, ಅದರೊಳಗೆ ‘ಎ’ ಎಂಬ ಆವೃತ್ತಿ, ಪಕ್ಕದಲ್ಲಿ ‘ಕರೆಂಟ್’ ಎಂಬ ಲಿಂಕ್. ‘ಕರೆಂಟ್’ ಯಾವುದಕ್ಕೆ ಬೆರಳು ತೋರಿಸುತ್ತದೋ ಅದು ಸದ್ಯದ ಆವೃತ್ತಿ. ಮಾಡ್ ಜೋಡಿಸುವವರಿಗೆ ಬೇಕಾದ ಪಾಠವೆಲ್ಲ ಆ ಪುಟ್ಟ ಫೋಲ್ಡರಿನಲ್ಲೇ ಇದೆ.

ಇಲ್ಲಿ ಬಹಳ ಜನ ಎಡವುವ ಒಂದು ಕಲ್ಲಿದೆ. ಫೈಂಡರ್‌ನಲ್ಲಿ ಫೋಲ್ಡರಿನ ಮೇಲೆ ಕ್ಲಿಕ್ ಮಾಡಿ ‘ಮೇಕ್ ಏಲಿಯಾಸ್’ ಎಂದರೆ ಬಾಣದ ಗುರುತಿರುವ ಒಂದು ಐಕಾನ್ ಹುಟ್ಟುತ್ತದೆ. ಟರ್ಮಿನಲ್‌ನಲ್ಲಿ ಲಿಂಕ್ ಮಾಡಿದರೂ ಫೈಂಡರ್‌ನಲ್ಲಿ ಕಾಣುವುದು ಅದೇ ಬಾಣ, ವಿವರ ತೆಗೆದರೆ ‘ಏಲಿಯಾಸ್’ ಎಂದೇ ಬರೆದಿರುತ್ತದೆ. ನೋಡಲು ಅವಳಿ, ಗುಣದಲ್ಲಿ ಬೇರೆ. ಏಲಿಯಾಸ್ 1991ರಲ್ಲಿ ಸಿಸ್ಟಮ್ 7ರ ಜೊತೆ ಬಂದದ್ದು, ಮ್ಯಾಕ್‌ನ ಅಡಿಪಾಯದಲ್ಲಿ ಯುನಿಕ್ಸ್ ಇನ್ನೂ ಇಲ್ಲದ ಕಾಲದ್ದು. ಅದು ವಿಳಾಸದ ಜೊತೆಗೆ ಆ ಫೈಲಿನ ಗುರುತಿನ ಸಂಖ್ಯೆಯನ್ನೂ ನೆನಪಿಟ್ಟುಕೊಳ್ಳುತ್ತದೆ. ಮೂಲ ಫೋಲ್ಡರನ್ನು ಅದೇ ಡಿಸ್ಕಿನಲ್ಲಿ ಬೇರೆಡೆಗೆ ಸರಿಸಿದರೂ, ಹೆಸರು ಬದಲಿಸಿದರೂ ಏಲಿಯಾಸ್ ಹಿಂಬಾಲಿಸಿ ಹೋಗುತ್ತದೆ. ಮನುಷ್ಯರಿಗೆ ಇದಕ್ಕಿಂತ ಒಳ್ಳೆಯ ಸಲಕರಣೆ ಇಲ್ಲ. ಆದರೆ ಆಟಕ್ಕೆ ಅದು ಉಪಯೋಗಕ್ಕೆ ಬಾರದು. ಏಲಿಯಾಸನ್ನು ಬಿಡಿಸಿ ಓದುವ ವಿದ್ಯೆ ಫೈಂಡರ್‌ಗೆ ಗೊತ್ತು. ನೇರವಾಗಿ ಫೋಲ್ಡರ್ ತೆರೆಯುವ ಆಟಕ್ಕೆ ಅದು ಫೋಲ್ಡರೇ ಅಲ್ಲ, ಏನೋ ಒಂದು ಪುಟ್ಟ ಫೈಲ್. ಸದ್ದಿಲ್ಲದೆ ಬಿಟ್ಟು ಮುಂದೆ ಹೋಗುತ್ತದೆ. ಆಟ ತೆರೆದುಕೊಳ್ಳುತ್ತದೆ, ಮಾಡ್ ಬಂದಿರುವುದಿಲ್ಲ, ತಪ್ಪಿನ ಸಂದೇಶವೂ ಇರುವುದಿಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂಬಂತೆ ಜನ ಆಟವನ್ನೇ ಅಳಿಸಿ ಮತ್ತೆ ಹಾಕುತ್ತಾರೆ. ಅನುಮಾನ ಬಂದಾಗ ಟರ್ಮಿನಲ್‌ನಲ್ಲಿ ‘ಎಲ್‌ಎಸ್ ಹೈಫನ್ ಎಲ್’ ಎಂದು ಕೇಳಿದರೆ ಸಾಕು. ನಿಜವಾದ ಲಿಂಕ್ ಆದರೆ ಸಾಲಿನ ಮೊದಲಲ್ಲಿ ‘ಎಲ್’ ಅಕ್ಷರ, ಕೊನೆಯಲ್ಲಿ ಬಾಣ, ಬಾಣದಾಚೆ ವಿಳಾಸ. ಏಲಿಯಾಸ್ ಆದರೆ ಬಾಣವಿಲ್ಲ.

ಹಾರ್ಡ್ ಲಿಂಕ್ ಇನ್ನೊಂದು ದಾರಿ, ಆದರೆ ಮ್ಯಾಕ್‌ನ ಈಗಿನ ಎಪಿಎಫ್‌ಎಸ್ ಕಡತ ವ್ಯವಸ್ಥೆ ಫೋಲ್ಡರುಗಳಿಗೆ ಅದನ್ನು ಬಿಡುವುದಿಲ್ಲ. ಫೈಲುಗಳಿಗಷ್ಟೇ ಸಲ್ಲುವ ಸಲಕರಣೆಯನ್ನು ಮಾಡ್‌ಗಳಿಗೆ ಹಾಕಿ ಸುಖವಿಲ್ಲ.

ಇನ್ನು ಲಿಂಕನ್ನು ಯಾವ ಹಂತದಲ್ಲಿ ಹಾಕಬೇಕು? ಇದರಲ್ಲಿ ಎರಡು ಪಂಥಗಳಿವೆ. ಮೊದಲ ಪಂಥದವರು ಮಾಡ್ಸ್ ಫೋಲ್ಡರನ್ನೇ ಲಿಂಕ್ ಮಾಡುತ್ತಾರೆ. ಬೇರೆಲ್ಲೋ ‘ಒಂಟಿ’, ‘ಗೆಳತಿಯರು’, ‘ಪ್ರಯೋಗ’ ಎಂದು ಮೂರು ಪೂರ್ತಿ ಫೋಲ್ಡರುಗಳು. ಆಟದ ಹತ್ತಿರ ‘ಮಾಡ್ಸ್’ ಎಂಬ ಒಂದೇ ಲಿಂಕ್, ಫ್ರೇಮ್‌ವರ್ಕಿನ ‘ಕರೆಂಟ್’ ಇದ್ದಂತೆ. ತೋಟ ಬದಲಿಸಬೇಕಾದರೆ ಬೆರಳು ತಿರುಗಿಸಿದರಾಯಿತು. ಸರಳ, ಕಣ್ಣಿಗೆ ಕಾಣುವಂಥದ್ದು. ತೊಂದರೆಯೆಂದರೆ ಮೂರೂ ತೋಟಕ್ಕೆ ಬೇಕಾದ ಮಾಡ್ ಮೂರು ಕಡೆ ಇರಬೇಕು, ಹೊಸ ಆವೃತ್ತಿ ಬಂದಾಗ ಮೂರು ಕಡೆಯೂ ಬದಲಿಸಬೇಕು.

ಎರಡನೆಯ ಪಂಥದವರು ಒಂದೇ ಕಣಜ ಕಟ್ಟುತ್ತಾರೆ. ಪ್ರತಿ ಮಾಡ್ ಕಣಜದಲ್ಲಿ ಒಂದೇ ಸಲ ಇರುತ್ತದೆ. ಪ್ರತಿ ತೋಟದ ಫೋಲ್ಡರಿನಲ್ಲಿ ಬೇಕಾದ ಮಾಡ್‌ಗಳಿಗೆ ಒಂದೊಂದು ಲಿಂಕ್. ಆವೃತ್ತಿ ಬದಲಿಸುವುದು ಒಂದೇ ಕಡೆ, ಡಿಸ್ಕಿನಲ್ಲಿ ಜಾಗವೂ ಉಳಿತಾಯ. ಸ್ಟಾರ್‌ಡ್ಯೂಗೆಂದೇ ಇರುವ, ಮ್ಯಾಕ್‌ನಲ್ಲೂ ಓಡುವ ಸ್ಟಾರ್‌ಡ್ರಾಪ್ ಎಂಬ ಮ್ಯಾನೇಜರ್ ಹಿಡಿದಿರುವುದು ಈ ದಾರಿಯನ್ನೇ. ಆಯ್ದ ಮಾಡ್‌ಗಳಿಗೆ ಲಿಂಕ್ ಹಾಕಿ ಒಂದು ಫೋಲ್ಡರ್ ಕಟ್ಟಿ, ಅದನ್ನು ಆಟಕ್ಕೆ ತೋರಿಸುತ್ತದೆ. ಯಾವುದೇ ಆಟಕ್ಕೂ ಹೊಂದುವ ಹಳೆಯ ಸಲಕರಣೆ ಬೇಕೆಂದರೆ ಗ್ನೂ ಸ್ಟೋ ಇದೆ. ಕಣಜದಿಂದ ಲಿಂಕ್‌ಗಳನ್ನು ಒಟ್ಟಿಗೆ ಹಾಕುವುದು, ಒಟ್ಟಿಗೆ ತೆಗೆಯುವುದು ಅದರ ಕೆಲಸ.

ಸ್ಟಾರ್‌ಡ್ಯೂನಂಥ ಆಟದಲ್ಲಿ ಎರಡನೆಯ ದಾರಿಗೂ ಒಂದು ಕೊರತೆ ಇದೆ, ಅದನ್ನು ಮೊದಲೇ ಹೇಳುವವರು ಕಡಿಮೆ. ಸ್ಟಾರ್‌ಡ್ಯೂ ಮಾಡ್‌ಗಳನ್ನು ಓದುವುದು ಎಸ್‌ಎಂಎಪಿಐ ಎಂಬ ಲೋಡರ್. ಪ್ರತಿ ಮಾಡ್ ಫೋಲ್ಡರಿನಲ್ಲಿ ಮಾಡ್‌ನ ಹೆಸರು, ಆವೃತ್ತಿ, ಅದಕ್ಕೆ ಬೇಕಾದ ಬೇರೆ ಮಾಡ್‌ಗಳು ಇಷ್ಟನ್ನೂ ಹೇಳುವ ಮ್ಯಾನಿಫೆಸ್ಟ್ ಫೈಲ್ ಇರುತ್ತದೆ. ಆಟ ಒಂದು ಸಲ ಓಡಿದ ಮೇಲೆ ಎಷ್ಟೋ ಮಾಡ್‌ಗಳು ಅದೇ ಫೋಲ್ಡರಿನಲ್ಲಿ ಕಾನ್ಫಿಗ್ ಎಂಬ ಇನ್ನೊಂದು ಫೈಲನ್ನೂ ಬರೆದಿಡುತ್ತವೆ. ಆಡುವವರ ಆಯ್ಕೆಗಳೆಲ್ಲ ಅದರಲ್ಲಿ. ಲಿಂಕ್ ಮೂಲಕ ಬರೆದದ್ದು ಹೋಗಿ ಕೂರುವುದು ಕಣಜದಲ್ಲಿ. ಅಂದರೆ ಪ್ರಯೋಗದ ತೋಟದಲ್ಲಿ ದಿನದ ವೇಗ ಎರಡರಷ್ಟು ಮಾಡಿ ನೋಡಿದರೆ ಗೆಳತಿಯರ ತೋಟದಲ್ಲೂ ಸೂರ್ಯ ಬೇಗ ಮುಳುಗುತ್ತಾನೆ. ನನ್ನ ಅಕ್ಕನ ಮಗಳಿಗೆ ಆದದ್ದು ಇದೇ. ಮೊದಲು ಎರಡನೆಯ ದಾರಿ ಹಿಡಿದು ಎಲ್ಲ ಅಚ್ಚುಕಟ್ಟಾಗಿ ಜೋಡಿಸಿಕೊಟ್ಟಿದ್ದೆ. ವಾರದಲ್ಲಿ ಮೂರೂ ತೋಟಗಳ ಆಯ್ಕೆಗಳು ಕಲಸುಮೇಲೋಗರವಾಗಿದ್ದವು.

ಪರಿಹಾರ ಸಿಕ್ಕಿದ್ದು ಲಿಂಕ್‌ನ ಹೊರಗೆ. 2017ರ ಹೈ ಸಿಯೆರಾದಿಂದ ಬಂದ ಎಪಿಎಫ್‌ಎಸ್‌ನಲ್ಲಿ ಕ್ಲೋನ್ ಎಂಬುದೊಂದಿದೆ. ಫೈಂಡರ್‌ನಲ್ಲಿ ಒಂದು ಫೋಲ್ಡರನ್ನು ಅದೇ ಡಿಸ್ಕಿನಲ್ಲಿ ಡೂಪ್ಲಿಕೇಟ್ ಮಾಡಿದಾಗ ಒಳಗಿನ ಮಾಹಿತಿ ನಿಜವಾಗಿ ನಕಲಾಗುವುದಿಲ್ಲ. ಎರಡೂ ಒಂದೇ ಮಾಹಿತಿಯನ್ನು ಹಂಚಿಕೊಂಡಿರುತ್ತವೆ, ಯಾವುದಾದರೂ ಒಂದರಲ್ಲಿ ಬದಲಾವಣೆ ಆದಾಗ ಬದಲಾದಷ್ಟಕ್ಕೇ ಹೊಸ ಜಾಗ ಖರ್ಚಾಗುತ್ತದೆ. ಹಾಗಾಗಿ ಆಯ್ಕೆಗಳನ್ನು ಬರೆದಿಡುವ ಮಾಡ್‌ಗಳಿಗೆ ಕ್ಲೋನ್, ಚಿತ್ರ-ಧ್ವನಿಗಳಷ್ಟೇ ಇರುವ ದೊಡ್ಡ ಮಾಡ್‌ಗಳಿಗೆ ಲಿಂಕ್. ಈಗ ಅವಳ ಮ್ಯಾಕ್‌ನಲ್ಲಿ ಇರುವುದು ಈ ಬೆರಕೆ ಏರ್ಪಾಡು. ಶುದ್ಧ ಪಂಥದವರಿಗೆ ಒಪ್ಪಿಗೆಯಾಗಲಿಕ್ಕಿಲ್ಲ, ನನಗೆ ಇದೇ ಸರಿ ಎನಿಸಿದೆ.

ಲಿಂಕ್‌ಗೆ ಕೈ ಹಾಕುವ ಮೊದಲು ಆಟದವರೇ ಏನಾದರೂ ದಾರಿ ಬಿಟ್ಟಿದ್ದಾರೆಯೇ ಎಂದು ನೋಡುವುದು ಒಳ್ಳೆಯದು. ಎಸ್‌ಎಂಎಪಿಐ ತನಗೆ ಬೇರೊಂದು ಮಾಡ್ಸ್ ಫೋಲ್ಡರಿನ ವಿಳಾಸ ಕೊಟ್ಟರೆ ಅದನ್ನೇ ಓದುತ್ತದೆ; ಚುಕ್ಕಿಯಿಂದ ಶುರುವಾಗುವ ಹೆಸರಿನ ಫೋಲ್ಡರನ್ನು ಓದದೆ ಬಿಡುತ್ತದೆ. ಒಂದೆರಡು ಮಾಡ್‌ಗಳನ್ನು ತಾತ್ಕಾಲಿಕವಾಗಿ ನಿಲ್ಲಿಸುವುದಕ್ಕೆ ಆ ಚುಕ್ಕಿಯೊಂದೇ ಸಾಕು. ಫ್ಯಾಕ್ಟೋರಿಯೊವನ್ನೂ ಶುರುಮಾಡುವಾಗಲೇ ಮಾಡ್ ಫೋಲ್ಡರ್ ಯಾವುದೆಂದು ಹೇಳಬಹುದು. ಮೈನ್‌ಕ್ರಾಫ್ಟ್ ಲಾಂಚರ್‌ನಲ್ಲಿ ಪ್ರತಿ ಇನ್‌ಸ್ಟಾಲೇಶನ್‌ಗೂ ಬೇರೆ ಗೇಮ್ ಡೈರೆಕ್ಟರಿ ಕೊಡಬಹುದು. ಮಾಡ್, ಲೋಕ, ಆಯ್ಕೆ ಎಲ್ಲವೂ ತಾವಾಗಿಯೇ ಬೇರೆಯಾಗುತ್ತವೆ. ಎಲ್ಲಕ್ಕಿಂತ ಚೆಂದ ಓಪನ್‌ಎಂಡಬ್ಲ್ಯೂನದು. 2002ರ ಮಾರೋವಿಂಡ್ ಆಟದ ಎಂಜಿನ್ನನ್ನು ಅಭಿಮಾನಿಗಳು ಮುಕ್ತ ತಂತ್ರಾಂಶವಾಗಿ ಮತ್ತೆ ಬರೆದದ್ದು ಅದು. ಮಾರೋವಿಂಡ್ ಮ್ಯಾಕ್‌ಗೆ ಬರಲೇ ಇಲ್ಲ, ಓಪನ್‌ಎಂಡಬ್ಲ್ಯೂ ಮ್ಯಾಕ್‌ನಲ್ಲಿ ನೇರವಾಗಿ ಓಡುತ್ತದೆ. ಅದರ ಸೆಟ್ಟಿಂಗ್ಸ್ ಫೈಲಿನಲ್ಲಿ ಮಾಡ್ ಫೋಲ್ಡರುಗಳ ವಿಳಾಸವನ್ನು ಸಾಲಾಗಿ ಬರೆಯುತ್ತಾ ಹೋಗಬಹುದು. ಪ್ರತಿ ಮಾಡ್ ತನ್ನ ಫೋಲ್ಡರಿನಲ್ಲೇ ಉಳಿಯುತ್ತದೆ. ಒಂದೇ ಹೆಸರಿನ ಫೈಲ್ ಎರಡು ಕಡೆ ಇದ್ದರೆ ಪಟ್ಟಿಯಲ್ಲಿ ಕೆಳಗಿರುವುದು ಗೆಲ್ಲುತ್ತದೆ. ನಕಲು ಬೇಡ, ಲಿಂಕ್ ಬೇಡ, ಯಾವುದು ಯಾವುದನ್ನು ಮುಚ್ಚಿತೆಂಬ ಗೊಂದಲವೂ ಬೇಡ. ಎಲ್ಲ ಆಟಗಳೂ ಹೀಗಿದ್ದಿದ್ದರೆ ಈ ಲೇಖನದ ಮುಕ್ಕಾಲು ಭಾಗ ಬೇಕಿರಲಿಲ್ಲ.

ಕೆಲವು ಆಟಗಳು ಲಿಂಕನ್ನು ಕಂಡರೆ ಎಚ್ಚರವಾಗುತ್ತವೆ. ಮೈನ್‌ಕ್ರಾಫ್ಟ್ 2023ರ 1.20 ಆವೃತ್ತಿಯಿಂದ ಲೋಕದ ಫೋಲ್ಡರಿನೊಳಗೆ ಲಿಂಕ್ ಇದ್ದರೆ ಅದನ್ನು ತೆರೆಯದೆ ಎಚ್ಚರಿಸುತ್ತದೆ. ಬೇರೆಯವರಿಂದ ಇಳಿಸಿಕೊಂಡ ಲೋಕದಲ್ಲಿ ಲಿಂಕ್ ಇದ್ದರೆ ಆಟ ಆ ಮೂಲಕ ನಮ್ಮ ಬೇರೆ ಫೈಲುಗಳನ್ನು ಮುಟ್ಟಬಹುದೆಂಬ ಕಾಳಜಿ ಅದು, ನ್ಯಾಯವಾದದ್ದೇ. ನಮ್ಮದೇ ಲಿಂಕ್ ಆದರೆ ಅನುಮತಿಸಿದ ವಿಳಾಸಗಳನ್ನು ಅದಕ್ಕೆಂದೇ ಇರುವ ಒಂದು ಪಠ್ಯ ಫೈಲಿನಲ್ಲಿ ಬರೆದಿಡಬೇಕು. ಸಿಮ್ಸ್ 4ರ ಅಡ್ಡಿ ಬೇರೆ ಥರದ್ದು: ಸ್ಕ್ರಿಪ್ಟ್ ಮಾಡ್‌ಗಳು ಮಾಡ್ಸ್ ಫೋಲ್ಡರಿನಿಂದ ಒಂದು ಹಂತಕ್ಕಿಂತ ಆಳದಲ್ಲಿದ್ದರೆ ಅದು ಓದುವುದಿಲ್ಲ. ಓರಣದ ಉಮೇದಿನಲ್ಲಿ ಫೋಲ್ಡರಿನೊಳಗೆ ಫೋಲ್ಡರ್ ಮಾಡುತ್ತಾ ಹೋದವರು ಇಲ್ಲಿ ಸಿಕ್ಕಿಕೊಳ್ಳುತ್ತಾರೆ. ಅದರ ಮನೆ ಡಾಕ್ಯುಮೆಂಟ್ಸ್‌ನಲ್ಲಿ ಇರುವುದರಿಂದ ಐಕ್ಲೌಡ್‌ನ ಕಾಟವೂ ಉಂಟು. ಡಾಕ್ಯುಮೆಂಟ್ಸ್ ಫೋಲ್ಡರನ್ನು ಐಕ್ಲೌಡ್‌ಗೆ ಒಪ್ಪಿಸಿ, ಜಾಗ ಉಳಿಸುವ ಆಯ್ಕೆ ಹಾಕಿಟ್ಟರೆ ಬಹಳ ದಿನ ಮುಟ್ಟದ ಫೈಲುಗಳನ್ನು ಮ್ಯಾಕ್ ಮೇಲಕ್ಕೆ ಕಳಿಸಿಬಿಡುತ್ತದೆ. ರಿಮ್‌ವರ್ಲ್ಡ್‌ನಲ್ಲಿ ಮಾತ್ರ ಲಿಂಕ್‌ನಿಂದ ನೇರ ಲಾಭ: ಆಪ್ ಹೋದರೂ ಕಳೆದುಹೋಗುವುದು ಚೀಟಿಗಳಷ್ಟೇ, ಮಾಡ್‌ಗಳಲ್ಲ.

ಈಗ ಕೈಕೆಲಸ. ‘ಎಲ್‌ಎನ್ ಹೈಫನ್ ಎಸ್’, ಆಮೇಲೆ ನಿಜವಾದ ಫೋಲ್ಡರಿನ ವಿಳಾಸ, ಆಮೇಲೆ ಲಿಂಕ್ ಹುಟ್ಟಬೇಕಾದ ಜಾಗ. ಇರುವುದು ಮೊದಲು, ಆಗಬೇಕಾದದ್ದು ಆಮೇಲೆ ಎಂದು ನೆನಪಿಟ್ಟುಕೊಂಡರೆ ಕ್ರಮ ತಪ್ಪುವುದಿಲ್ಲ. ಅಪ್ಲಿಕೇಶನ್ ಸಪೋರ್ಟ್ ಎಂಬ ಹೆಸರಿನ ನಡುವೆ ಖಾಲಿ ಜಾಗ ಇರುವುದರಿಂದ ವಿಳಾಸವನ್ನು ಉದ್ಧರಣ ಚಿಹ್ನೆಯಲ್ಲಿ ಹಾಕುತ್ತಾರೆ. ಆದರೆ ಚಿಹ್ನೆಯೊಳಗೆ ಸಿಕ್ಕ ಟಿಲ್ಡೆ ಗುರುತು ನಮ್ಮ ಹೋಮ್ ಫೋಲ್ಡರ್ ಆಗಿ ಬದಲಾಗುವುದಿಲ್ಲ, ಬರೀ ಗುರುತಾಗಿಯೇ ಉಳಿದು ಎಲ್ಲಿಗೂ ತಲುಪದ ಲಿಂಕ್ ಹುಟ್ಟುತ್ತದೆ. ಮ್ಯಾಕ್ ಅದಕ್ಕೆ ಆಕ್ಷೇಪವನ್ನೂ ಹೇಳುವುದಿಲ್ಲ, ಏಕೆಂದರೆ ಲಿಂಕ್ ಬರೆಯುವಾಗ ಆಚೆ ಮನೆ ಇದೆಯೇ ಎಂದು ಯಾರೂ ನೋಡುವುದಿಲ್ಲ. ಎಲ್ಲಕ್ಕಿಂತ ಸುಲಭದ ದಾರಿ, ಫೈಂಡರ್‌ನಿಂದ ಫೋಲ್ಡರನ್ನು ಎಳೆದು ಟರ್ಮಿನಲ್ ಕಿಟಕಿಯೊಳಗೆ ಬಿಡುವುದು. ವಿಳಾಸ ಪೂರ್ತಿಯಾಗಿ, ಸರಿಯಾಗಿ ಬಂದು ಕೂರುತ್ತದೆ.

ನಾನು ಕೆಟ್ಟದಾಗಿ ಎಡವಿದ್ದು ಬೆರಳು ತಿರುಗಿಸುವಾಗ. ಒಂಟಿ ತೋಟಕ್ಕೆ ತೋರಿಸುತ್ತಿದ್ದ ‘ಮಾಡ್ಸ್’ ಲಿಂಕನ್ನು ಗೆಳತಿಯರ ತೋಟದತ್ತ ತಿರುಗಿಸಲು ‘ಎಸ್’ ಜೊತೆ ‘ಎಫ್’ ಸೇರಿಸಿ ಅದೇ ಆದೇಶ ಕೊಟ್ಟೆ. ದೂರು ಬರಲಿಲ್ಲ. ಆಟ ತೆರೆದರೆ ಹಳೆಯ ಮಾಡ್‌ಗಳೇ. ಮತ್ತೆ ಕೊಟ್ಟೆ, ಮತ್ತೆ ಅದೇ. ಬಹಳ ಹೊತ್ತಿನ ಮೇಲೆ ಗೊತ್ತಾಯಿತು: ‘ಮಾಡ್ಸ್’ ಎಂಬುದು ಫೋಲ್ಡರಿಗೆ ತೋರಿಸುವ ಲಿಂಕ್ ಆದ್ದರಿಂದ ಆದೇಶ ಅದನ್ನು ದಾಟಿ ಒಳಗೆ ಹೋಗಿ, ಒಂಟಿ ತೋಟದ ಫೋಲ್ಡರಿನೊಳಗೆ ಹೊಸ ಲಿಂಕ್ ಹುಟ್ಟಿಸಿತ್ತು. ಜೊತೆಗೆ ‘ಎನ್’ ಎಂಬ ಇನ್ನೊಂದು ಅಕ್ಷರ ಹಾಕಿದರೆ ಲಿಂಕನ್ನು ದಾಟದೆ ಲಿಂಕನ್ನೇ ಬದಲಿಸುತ್ತದೆ. ಎಸ್, ಎಫ್, ಎನ್: ಈಗ ಮೂರನ್ನೂ ಒಟ್ಟಿಗೇ ಬರೆಯುವುದು ರೂಢಿಯಾಗಿದೆ. ಲಿಂಕ್ ಅಳಿಸುವಾಗಲೂ ಅಷ್ಟೇ ಎಚ್ಚರ ಬೇಕು. ಫೈಂಡರ್‌ನಲ್ಲಿ ಕಸದ ಬುಟ್ಟಿಗೆ ಎಳೆದರೆ ಹೋಗುವುದು ಚೀಟಿ ಮಾತ್ರ. ಟರ್ಮಿನಲ್‌ನಲ್ಲಿ ಅಳಿಸುವ ಆದೇಶ ಕೊಟ್ಟು, ಹೆಸರಿನ ಕೊನೆಗೆ ಸ್ಲ್ಯಾಶ್ ಹಾಕಿದರೆ ಅದು ಚೀಟಿಯಾಚೆಯ ಮನೆಯನ್ನೇ ಹಿಡಿಯಬಹುದು. ‘ಅನ್‌ಲಿಂಕ್’ ಎಂಬ ಆದೇಶ ಇದಕ್ಕೆಂದೇ ಇದೆ, ಅದು ಫೋಲ್ಡರುಗಳ ತಂಟೆಗೆ ಹೋಗುವುದಿಲ್ಲ.

ಕನ್ನಡದಲ್ಲಿ ಫೋಲ್ಡರುಗಳಿಗೆ ಹೆಸರಿಡಬಹುದೇ ಎಂದು ಅವಳು ಕೇಳಿದಳು. ಧಾರಾಳವಾಗಿ ಇಡಬಹುದು, ‘ಕಣಜ’ ಎಂಬ ಹೆಸರು ಅವಳೇ ಇಟ್ಟದ್ದು. ಒಂದು ವಿಷಯ ಮಾತ್ರ ತಿಳಿದಿರಬೇಕು. ಯುನಿಕೋಡ್‌ನಲ್ಲಿ ‘ತೋಟ’ದ ಓಕಾರವನ್ನು ಒಂದೇ ಸಂಕೇತವಾಗಿಯೂ ಬರೆಯಬಹುದು, ಎತ್ವ, ಕೊಂಬಿನ ದೀರ್ಘ, ದೀರ್ಘದ ಗುರುತು ಎಂದು ಮೂರು ಸಂಕೇತವಾಗಿ ಒಡೆದೂ ಬರೆಯಬಹುದು. ಕಣ್ಣಿಗೆ ಎರಡೂ ಒಂದೇ; ಬೈಟ್ ಲೆಕ್ಕದಲ್ಲಿ ಮೊದಲನೆಯದು 9, ಎರಡನೆಯದು 15. ಮ್ಯಾಕ್‌ನ ಹಳೆಯ ಎಚ್‌ಎಫ್‌ಎಸ್ ಪ್ಲಸ್ ಹೆಸರುಗಳನ್ನು ಒಡೆದೇ ಇಡುತ್ತಿತ್ತು. ಎಪಿಎಫ್‌ಎಸ್ ಬರೆದಂತೆಯೇ ಇಟ್ಟುಕೊಂಡು, ಹುಡುಕುವಾಗ ಎರಡನ್ನೂ ಒಂದೇ ಎಂದು ಎಣಿಸುತ್ತದೆ. ಹಾಗಾಗಿ ಮ್ಯಾಕ್‌ನೊಳಗೆ ಲಿಂಕ್ ಕೆಡುವುದಿಲ್ಲ. ಹಳೆಯ ಡಿಸ್ಕಿನಿಂದ ಲಿನಕ್ಸ್ ಯಂತ್ರಕ್ಕೆ ಕೊಂಡೊಯ್ದರೆ ಮಾತ್ರ ‘ತೋಟ’ ಎಂದು ಬರೆದ ಲಿಂಕ್‌ಗೆ ‘ತೋಟ’ ಎಂಬ ಫೋಲ್ಡರ್ ಸಿಗದೆ ಹೋಗಬಹುದು. ಹೀಗೆ ಒಡೆಯುವ ಸ್ವರಚಿಹ್ನೆ ಇಲ್ಲದ ‘ಕಣಜ’ಕ್ಕೆ ಆ ಭಯವಿಲ್ಲ.

ಕಣಜವನ್ನು ಹೊರಗಿನ ಡಿಸ್ಕಿನಲ್ಲಿ ಇಡಬಹುದು, ಮ್ಯಾಕ್‌ಬುಕ್‌ಗಳಲ್ಲಿ ಜಾಗ ಕಡಿಮೆ ಇರುವುದರಿಂದ ಬಹಳ ಜನ ಹಾಗೇ ಮಾಡುತ್ತಾರೆ. 2019ರ ಕ್ಯಾಟಲಿನಾದಿಂದ ಮ್ಯಾಕ್, ಆಪ್‌ಗಳು ಹೊರಗಿನ ಡಿಸ್ಕ್ ಮುಟ್ಟುವಾಗ ಅನುಮತಿ ಕೇಳುತ್ತದೆ. ಅವಸರದಲ್ಲಿ ಬೇಡವೆಂದು ಒತ್ತಿದ್ದರೆ ಆಟಕ್ಕೆ ಲಿಂಕ್ ಕಂಡರೂ ಒಳಗಿನದು ಓದಲು ಬರುವುದಿಲ್ಲ. ಡಿಸ್ಕ್ ಚುಚ್ಚದೆ ಆಟ ತೆರೆದರಂತೂ ಎಲ್ಲ ಲಿಂಕ್‌ಗಳೂ ಶೂನ್ಯಕ್ಕೆ ಬೆರಳು ತೋರಿಸುತ್ತವೆ. ಆ ಸ್ಥಿತಿಯಲ್ಲಿ ಹಳೆಯ ಸೇವ್ ತೆರೆದು, ಮಾಡ್ ಇಲ್ಲದೆಯೇ ಆಡಿ ಮತ್ತೆ ಉಳಿಸಿದರೆ ಮಾಡ್‌ನಿಂದ ಬಂದ ವಸ್ತುಗಳು ಹಾಳಾಗಬಹುದು. ಸೇವ್ ಫೈಲುಗಳನ್ನು ಮಾತ್ರ ನಾನು ಲಿಂಕ್ ಮಾಡುವುದಿಲ್ಲ, ಅವು ಆಟ ಇಟ್ಟ ಜಾಗದಲ್ಲೇ ಇರಲಿ.

ಬ್ಯಾಕಪ್ ವಿಷಯದಲ್ಲೂ ಇದೇ ಎಚ್ಚರ. ಟೈಮ್ ಮಷೀನ್ ಲಿಂಕನ್ನು ಲಿಂಕ್ ಆಗಿಯೇ ಎತ್ತಿಡುತ್ತದೆ, ಅದರಾಚೆಗೆ ಹೋಗುವುದಿಲ್ಲ. ಕಣಜವಿರುವ ಡಿಸ್ಕನ್ನೂ ಅದರ ಪಟ್ಟಿಗೆ ಸೇರಿಸಿರದಿದ್ದರೆ, ಹೊಸ ಮ್ಯಾಕ್‌ಗೆ ಮರಳಿ ತಂದುಕೊಂಡ ದಿನ ಸಿಗುವುದು ನೂರು ಚೀಟಿಗಳು, ಒಂದೂ ಮನೆಯಿಲ್ಲ. ಅವಳ ಮ್ಯಾಕ್‌ನಲ್ಲಿ ಮನೆ ಸಿಗದ ಚೀಟಿಗಳನ್ನು ಹುಡುಕಲೆಂದು ಒಂದು ಸಾಲಿನ ಆದೇಶ ಬರೆದಿಟ್ಟಿದ್ದೇನೆ: ‘ಫೈಂಡ್’ ಎಂಬ ಸಲಕರಣೆಗೆ ಲಿಂಕ್‌ಗಳನ್ನು ಹಿಂಬಾಲಿಸು ಎಂದು ಹೇಳಿ, ಹಿಂಬಾಲಿಸಿದ ಮೇಲೂ ಲಿಂಕ್ ಆಗಿಯೇ ಉಳಿದವನ್ನು ಮಾತ್ರ ಪಟ್ಟಿ ಮಾಡಿಸುವುದು. ತಲುಪುವ ಲಿಂಕ್ ಫೋಲ್ಡರಾಗಿ ಕಾಣುತ್ತದೆ, ತಲುಪದ್ದು ಲಿಂಕ್ ಆಗಿಯೇ ಉಳಿದು ಪಟ್ಟಿಯಲ್ಲಿ ಬೀಳುತ್ತದೆ. ಗೆಳತಿಯರ ಜೊತೆ ಕೂರುವ ಸಂಜೆ ಕಣಜವಿರುವ ಹೊರಗಿನ ಡಿಸ್ಕ್ ಚುಚ್ಚಿ ಅವಳು ಮೊದಲು ಅದನ್ನು ಓಡಿಸುತ್ತಾಳೆ. ಏನೂ ಬರದೆ ಹೊಸ ಸಾಲು ಮಿನುಗಿದರೆ ಆಟ ತೆರೆಯುತ್ತಾಳೆ.